ಕತ್ತರಿ ಆಂಟಿಯ ಕೋಲು

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಾನು ದೂರದ ಊರುಗಳಿಗೆ ಬಸ್ ಓಡಿಸುವವನು. ವಾರದ ಅರ್ಧ ನಾನು ರಸ್ತೆಯ ಮೇಲೆ, ಅವಳು ಎರಡನೇ ಮಹಡಿಯ ನಮ್ಮ ಪುಟ್ಟ ಮನೆಯಲ್ಲಿ, ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ. ಹೊಲಿಗೆಯಲ್ಲಿ ಅವಳದು ಎತ್ತಿದ ಕೈ, ಬಾಯಿಯೂ ಅಷ್ಟೇ ಜೋರು. “ಸ್ವಲ್ಪ ಕಮ್ಮಿ ತಿನ್ನಿ, ಮುಂದಿನ ಸಲ ಬಿಚ್ಚೋಕೆ ಬಟ್ಟೆ ಉಳಿದಿಲ್ಲ” ಎಂದು ಗಿರಾಕಿಗಳ ಮುಖಕ್ಕೇ ಹೇಳುತ್ತಾಳೆ. ಆದರೂ ಗಿರಾಕಿಗಳು ಬಿಟ್ಟುಹೋಗಿಲ್ಲ. ನಾನೂ ಬಿಟ್ಟುಹೋಗಿಲ್ಲ.

ನಮ್ಮ ತಲೆಯ ಮೇಲಿನ ಮನೆಗೆ ಮೂವರು ಕಾಲೇಜು ಹುಡುಗರು ಬಂದ ಮೇಲೆ ಅವಳ ನೆಮ್ಮದಿ ಹಾಳಾಯಿತು. ಒಬ್ಬ ಕನ್ನಡಕದವನು, ಒಬ್ಬ ಕಂಬದಷ್ಟು ಉದ್ದನೆಯವನು, ಇನ್ನೊಬ್ಬ ಗಿಟಾರಿನವನು. ಗಿಟಾರಿನವನಿಗೆ ಬರುತ್ತಿದ್ದುದು ಒಂದೇ ಹಾಡು, ಅದೂ ಅರ್ಧ. ಉದ್ದನೆಯವನು ಕುರ್ಚಿಯನ್ನು ಎತ್ತಿ ಇಡುವುದನ್ನು ಕಲಿತೇ ಇರಲಿಲ್ಲ, ಎಳೆಯುತ್ತಿದ್ದ. ಸದ್ದು ಮಿತಿಮೀರಿದಾಗ ಇವಳು ಜೇಡರಬಲೆ ತೆಗೆಯುವ ಉದ್ದ ಕೋಲಿನಿಂದ ಸೂರಿಗೆ ಬಡಿಯುವಳು. ಅವರು ಕ್ಷಣ ಸುಮ್ಮನಾಗಿ ಮತ್ತೆ ಶುರು ಮಾಡುವರು. ಅವರು ಇವಳಿಗೆ ಇಟ್ಟ ಹೆಸರು ಕತ್ತರಿ ಆಂಟಿ. ಅದು ಕತ್ತರಿಗೆ ಇಟ್ಟದ್ದೋ ನಾಲಿಗೆಗೆ ಇಟ್ಟದ್ದೋ ನಾನು ಕೇಳಲು ಹೋಗಲಿಲ್ಲ.

ಒಂದು ದಿನ ಮೇಲೆ ದಡ್ ಎಂದು ಏನೋ ಬಿತ್ತು. ಇವಳು ಬೆಚ್ಚಿದಳು, ಮದುಮಗಳ ರೇಷ್ಮೆ ಬಟ್ಟೆಯ ಮೇಲಿದ್ದ ಕತ್ತರಿ ಅಡ್ಡ ಹೋಯಿತು. ಹರಿದ ಬಟ್ಟೆ ಹಿಡಿದುಕೊಂಡೇ ಮೇಲೆ ಹೋದವಳು ಬೈಯಲು ಬಾಯಿ ತೆರೆದು ಅತ್ತುಬಿಟ್ಟಳಂತೆ. ಹುಡುಗರು ಬೆವತುಹೋದರು. “ಆಂಟಿ, ಇನ್ಮೇಲೆ ನೀವು ಒಂದು ಸಲ ಬಡಿದ್ರೆ ಸಾಕು. ಉಸಿರೂ ಬಿಡಲ್ಲ” ಎಂದು ಮಾತು ಕೊಟ್ಟರು. ಇವಳಿಗೆ ನಂಬಿಕೆ ಬರಲಿಲ್ಲ. ಮನೆ ಮಾಲೀಕರಿಗೆ ಫೋನ್ ಮಾಡಿ, “ಅವರಿರಬೇಕು, ಇಲ್ಲ ನಾವಿರಬೇಕು” ಎಂದಳು. ತಿಂಗಳ ಕೊನೆಗೆ ಹುಡುಗರನ್ನು ಖಾಲಿ ಮಾಡಿಸುವುದೆಂದು ತೀರ್ಮಾನವಾಯಿತು.

ಅದೇ ವಾರ ನಡೆದದ್ದು ಇದು. ಆಗ ನಾನು ಊರಲ್ಲಿರಲಿಲ್ಲ, ಎರಡೂ ಕಡೆಯವರು ಆಮೇಲೆ ಹೇಳಿದ್ದು.

ಮಧ್ಯಾಹ್ನ ಇವಳು ಗಿರಾಕಿಯೊಬ್ಬರ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಕೈಗಂಟಿದ ಸೀಮೆಸುಣ್ಣ ಕೋಟಿಗೆ ತಾಗೀತೆಂದು, ಈಗ ಬಂದೆ ಎನ್ನುವಂತೆ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಕಂಬಳಿಯ ಮೇಲೆಯೇ ಬಿಟ್ಟು ಬಚ್ಚಲಿಗೆ ಹೋದಳು. ಮನೆಯಲ್ಲಿ ನೊಣವೂ ಇಲ್ಲದಿದ್ದರೂ ಒಳಗಿನಿಂದ ಚಿಲಕ ಹಾಕುವುದು ಅವಳ ಅಭ್ಯಾಸ. ತೆಗೆಯಲು ಹೋದಾಗ ಚಿಲಕದ ಹಿಡಿ ಮುರಿದು ಕೈಗೆ ಬಂತು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಫೋನು ಹೊಲಿಗೆ ಯಂತ್ರದ ಮೇಲಿತ್ತು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಕಂಬಳಿ ಸುಟ್ಟ ವಾಸನೆ ಬಂತು.

ಕೂಗಿದಳು. ಮೇಲೆ ಗಿಟಾರು, ಹಾಡು, ನಗು. ನೆಲದ ನೀರು ತಳ್ಳುವ ವೈಪರ್ ಎತ್ತಿ, ಅದರ ಹಿಡಿಯಿಂದ ಸೂರಿಗೆ ಬಡಿದಳು.

ಕೊಟ್ಟ ಮಾತಿನಂತೆ ಗಿಟಾರು ತಟ್ಟನೆ ನಿಂತಿತು. ಇವಳು ಮತ್ತೆ ಬಡಿದಳು. ಹುಡುಗರು ಫ್ಯಾನ್ ಆರಿಸಿದರು. ಮತ್ತೆ ಬಡಿದಳು. ಅವರು ಕುಂತಲ್ಲೇ ಕಲ್ಲಾದರು. ಇವಳು ಬಡಿದಷ್ಟೂ ಅವರು ಮೆತ್ತಗಾಗುತ್ತಿದ್ದರು.

“ಎಲ್ಲಾ ಆಫ್ ಮಾಡಿದೀವಲ್ಲೋ, ಇನ್ನೂ ಯಾಕೋ ಬಡೀತಿದ್ದಾರೆ?” ಎಂದ ಉದ್ದನೆಯವನು, ಪಿಸುಮಾತಿನಲ್ಲಿ.

“ನೀನು ಜೋರಾಗಿ ಉಸಿರಾಡ್ತಿದೀಯ” ಎಂದ ಕನ್ನಡಕದವನು.

ಆ ನಿಶ್ಶಬ್ದದಲ್ಲೇ ಅವರ ಬಚ್ಚಲಿನ ಗಾಳಿಕಿಂಡಿಯಿಂದ ಒಂದು ಸಣ್ಣ ದನಿ ಬಂತು. “ಬೆಂಕಿ ಕಣ್ರಪ್ಪೋ! ಯಾರಾದ್ರೂ ಬನ್ನಿ!” ಒಂದು ವರ್ಷದಿಂದ ಬೇಡಿದರೂ ಸಿಗದ ಮೌನ ಅಂದು ಸಿಕ್ಕಿದ್ದಕ್ಕೇ ಅವಳ ಕೂಗು ಮೇಲೆ ಮುಟ್ಟಿತು.

ಮೂವರೂ ಎದ್ದುಬಿದ್ದು ಕೆಳಗೆ ಬಂದರು. ನಮ್ಮ ಮುಂಬಾಗಿಲಿನ ಅಡಿಯಿಂದ ಹೊಗೆ ಬರುತ್ತಿತ್ತು. ಭುಜ ಕೊಟ್ಟು ಗುದ್ದಿ ಬಾಗಿಲು ಮುರಿದರು, ಸ್ವಿಚ್ ಆರಿಸಿದರು, ಹೊತ್ತಿಕೊಂಡ ಮೇಜಿನ ಮೇಲೆ ಒದ್ದೆ ಚಾದರ ಎಸೆದರು. ಸ್ಕ್ರೂ ಡ್ರೈವರಿನಿಂದ ಬಚ್ಚಲ ಬಾಗಿಲು ಬಿಚ್ಚಿ ಇವಳನ್ನು ಹೊರಗೆ ತಂದಾಗ, ಕಾದ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಿದ್ದ ಗಿಟಾರಿನವನ ಅಂಗೈ ಸುಟ್ಟಿತ್ತು. ಇವಳು ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, “ನೋಡ್ಕೊಂಡು ಮುಟ್ಟೋಕೆ ಆಗಲ್ವೇನೋ?” ಎಂದು ಬೈಯುತ್ತ ಅಳುತ್ತಿದ್ದಳಂತೆ.

ಮರುದಿನ ನಾನು ಬಂದಾಗ, ಬೆಂಕಿಯ ಸುದ್ದಿ ಇನ್ನೂ ತಿಳಿಯದ ಮಾಲೀಕರು ಬಾಗಿಲಿನ ಮುಂದೆ ನಿಂತಿದ್ದರು. “ನೋಡಿದ್ರಾ, ಬಾಗಿಲನ್ನೇ ಮುರಿದಿದ್ದಾರೆ! ನೀವು ಹೇಳಿದ್ದೇ ಸರಿ ಕಣಮ್ಮ. ತಿಂಗಳ ಕೊನೆವರೆಗೂ ಯಾಕೆ, ಇವತ್ತೇ ಖಾಲಿ ಮಾಡಿಸ್ತೀನಿ.” ಹುಡುಗರು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ನಿಂತಿದ್ದರು.

“ಅವರು ಹೋದ್ರೆ ನಾವೂ ಹೋಗ್ತೀವಿ” ಎಂದಳು ನನ್ನಾಕೆ.

“ಅಲ್ಲಮ್ಮ, ಓಡಿಸಿ ಅಂದಿದ್ದು ನೀವೇ ತಾನೆ?”

“ಹೌದು, ನಾನೇ. ತಪ್ಪಾಗಿ ಹೊಲಿದಿದ್ದನ್ನ ಬಿಚ್ಚೋದೂ ನನ್ನ ಕೆಲಸಾನೇ.”

ನಾನು ಹುಡುಗರ ಕೈ ಹಿಡಿದುಕೊಂಡು ಏನಾದರೂ ಹೇಳಬೇಕೆಂದುಕೊಂಡೆ. ಬಂದದ್ದು ಇಷ್ಟೇ: “ನನಗೆ ಇರೋಳು ಇವಳೊಬ್ಬಳೇ ಕಣ್ರಪ್ಪ.” ಈ ಜನ್ಮದಲ್ಲಿ ಅವರ ಋಣ ತೀರಿಸಲಾರೆ.

ಕನ್ನಡಕದವನು ಮೆಲ್ಲಗೆ ಕೇಳಿದ, “ಆಂಟಿ, ಇನ್ಮೇಲೆ ನೀವು ಬಡಿದ್ರೆ ಸುಮ್ಮನಾಗ್ಬೇಕಾ, ಓಡಿ ಬರ್ಬೇಕಾ?”

“ಸುಮ್ಮನಾಗ್ರಪ್ಪ” ಎಂದಳು. ಅವರು ಕೇಳಬೇಕಲ್ಲ! ಈಗ ಕೋಲು ಸೂರಿಗೆ ತಾಗಿದರೆ ಸಾಕು, ಮೂವರೂ ದಡಬಡ ಇಳಿದು ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತಾರೆ. “ಏನಿಲ್ಲ ಕಣ್ರೋ, ಬರೀ ಬೈದಿದ್ದು!” ಎಂದು ರೇಗಿ, ಬಂದವರಿಗೆ ಟೀ ಮಾಡಿಕೊಡುತ್ತಾಳೆ. ಓದುವ ಮಕ್ಕಳನ್ನು ಮೆಟ್ಟಿಲು ಹತ್ತಿಸಿ ಇಳಿಸುವುದು ಬೇಡವೆಂದು ಈಚೆಗೆ ಕೋಲನ್ನೇ ಮುಟ್ಟುತ್ತಿಲ್ಲ. ಹಾಗಾಗಿ ಗಲಾಟೆ ಮೊದಲಿಗಿಂತ ಜಾಸ್ತಿಯಾಗಿದೆ.

ನಾನು ದೂರದ ಬಸ್ ನಿಲ್ದಾಣಗಳಿಂದ ಫೋನ್ ಮಾಡುತ್ತೇನೆ. ಅವಳ ಮಾತಿನ ಹಿಂದೆ ಕುರ್ಚಿ ಎಳೆಯುವ ಸದ್ದೂ ಆ ಅರ್ಧ ಹಾಡೂ ಕೇಳಿಸುತ್ತವೆ. ಕೇಳಿಸಿದ ಮೇಲೆ ನಿಶ್ಚಿಂತೆಯಿಂದ ಬಸ್ ಹತ್ತುತ್ತೇನೆ.