ಕೋಪಕ್ಕೆ ಅಜ್ಜಿಯ ಅಧ್ಯಕ್ಷತೆ

ಕೋಪ ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕು ಎನ್ನುತ್ತಾರೆ. ಎಣಿಸಿ ನೋಡಿದ್ದೇನೆ. ಹತ್ತಕ್ಕೆ ಬರುವಷ್ಟರಲ್ಲಿ ನನ್ನ ಕೋಪಕ್ಕೆ ಹತ್ತು ಒಳ್ಳೆಯ ವಾದಗಳು ಸಿಕ್ಕಿರುತ್ತಿದ್ದವು. ತಣ್ಣೀರು ಕುಡಿ ಎಂದವರೂ ಉಂಟು. ಕುಡಿದೆ, ಗಂಟಲು ತಿಳಿಯಾಗಿ ಇನ್ನೂ ಜೋರಾಗಿ ಕೂಗಿದೆ. ಮನಶ್ಶಾಂತಿಯ ಉಪದೇಶಗಳಲ್ಲಿ ನನಗೆ ನಂಬಿಕೆಯಿಲ್ಲ. ಅದನ್ನು ಮೊದಲೇ ಹೇಳಿ, ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತೇನೆ.

ರಾಜಾಜಿನಗರ ಆಗಿನ್ನೂ ಹೊಸ ಬಡಾವಣೆ. ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅಪ್ಪನ ತಾಯಿ, ಅಕ್ಕ, ನಾನು. ನಾನು ಇಂಟರ್‌ಮೀಡಿಯೆಟ್ ಓದುತ್ತ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ಪು ಹೊತ್ತು ತರುತ್ತಿದ್ದವನು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಅವರ ಕೋಪಕ್ಕೊಂದು ವಿಶೇಷವಿತ್ತು: ಅದು ಏರಿದಷ್ಟೂ ಮರ್ಯಾದೆ ಹೆಚ್ಚುತ್ತಿತ್ತು. ಸಮಾಧಾನದಲ್ಲಿದ್ದಾಗ ನಾನು ಬರೀ 'ಲೋ'. ಸಿಟ್ಟು ಬಂದರೆ 'ನೀವು'. ನೆತ್ತಿಗೇರಿದರೆ 'ತಾವು ದಯಮಾಡಿಸಬೇಕು'. ಕಚೇರಿಯಲ್ಲಿ ಕೆಲಸದಿಂದ ತೆಗೆಯುವ ಕಾಗದಗಳೂ ಇದೇ ವಿನಯದಲ್ಲಿರುತ್ತವಂತೆ. ನನ್ನದು ತದ್ವಿರುದ್ಧ. ಅಪ್ಪನಿಗೆ ಸದಾ 'ನೀವು' ಎನ್ನುವವನು ನಾನು; ಕೆರಳಿದೆನೆಂದರೆ ನಾಲಿಗೆ ಏಕವಚನಕ್ಕೆ ಜಾರುತ್ತಿತ್ತು.

ಒಂದು ಗುರುವಾರ ಅಕ್ಕನಿಗೆ ಕಾಗದ ಬಂತು. ಟೈಪಿಂಗ್ ಪಾಸು ಮಾಡಿದ್ದ ಅವಳಿಗೆ ಬಡಾವಣೆಯಂಚಿನ ಬಯಲಾಚೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ! ಸೋಮವಾರ ಹಾಜರಾಗಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಅಪ್ಪ ಬೇಡವೆಂದರು. ನಾನು ಅಕ್ಕನ ವಕೀಲನಾಗಿ ಎದ್ದು ನಿಂತೆ. ಜಗಳ ಹತ್ತಲು ಐದು ನಿಮಿಷ ಸಾಕಾಯಿತು. "ತಾವು ಬಹಳ ತಿಳಿದವರು, ಸ್ವಾಮಿ," ಎಂದರು ಅಪ್ಪ. "ನಿನಗೇನು ಗೊತ್ತು?" ಎಂದುಬಿಟ್ಟೆ ನಾನು. ಅವರು ಊಟ ಬಿಟ್ಟು ಎದ್ದರು.

ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ನಿನ್ನ ಯಾರು ಕರೆದ್ರೋ? ನೀನು ಪಾಯಿಂಟು ಗೆಲ್ತೀಯ, ನಾನು ಕೆಲಸ ಕಳ್ಕೋತೀನಿ. ಕಾಲೇಜಲ್ಲೂ ಹಿಂಗೇ ಕಿರುಚ್ತೀಯಾ?"

"ಅಲ್ಲಿ ಕಿರುಚೋಕೆ ಬಿಡಲ್ಲ ಕಣೇ. ಎದುರಾಳಿ ಮುಖ ನೋಡ್ಕೊಂಡು ಮಾತಾಡೋ ಹಾಗೇ ಇಲ್ಲ. ಏನಿದ್ರೂ ಅಧ್ಯಕ್ಷರಿಗೇ ಹೇಳ್ಬೇಕು."

"ಹಂಗಾದ್ರೆ ಇಲ್ಲೂ ಒಬ್ರು ಅಧ್ಯಕ್ಷರನ್ನ ಕೂರಿಸು, ನೋಡೋಣ."

ಅವಳು ಹಂಗಿಸಿದ್ದು. ನನಗೆ ಮಾತ್ರ ಮೈ ಜುಮ್ಮೆಂದಿತು! ಅಜ್ಜಿಯೇ ಅಧ್ಯಕ್ಷರು, ಏನಿದ್ದರೂ ಅವರಿಗೇ ಹೇಳಬೇಕು ಎಂದು ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು ಅಪ್ಪನ ಮೇಜಿನ ಮೇಲಿಟ್ಟೆ. ನಿಯಮ ಎಂದರೆ ಅವರಿಗೆ ಪ್ರಾಣ. ಎರಡು ಕಾಗುಣಿತ ತಿದ್ದಿ, ಕೆಳಗೆ ಸಹಿ ಹಾಕಿ ವಾಪಸು ಕಳಿಸಿದರು.

ಶನಿವಾರ ಮಧ್ಯಾಹ್ನ ನಡುಮನೆಯಲ್ಲಿ ಸಭೆ. ಅಜ್ಜಿ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ಹಿಡಿದು ಗೋಡೆಗೊರಗಿ ಕೂತರು. ಅದೇ ಅಧ್ಯಕ್ಷರ ಗಂಟೆ.

"ಮಾನ್ಯ ಅಧ್ಯಕ್ಷರೇ, ನನ್ನ ಎದುರಾಳಿಗಳು..."

ಟಕ್ ಟಕ್! "ಯಾರೋ ಎದುರಾಳಿ? ನನ್ ಮಗ ಕಣೋ ಅವ್ನು!"

ಅಕ್ಕ ಸೆರಗು ಕಚ್ಚಿ ನಕ್ಕಳು. ಹೆಣ್ಣಿನ ಸ್ವಾತಂತ್ರ್ಯ, ಹೊಸ ಕಾಲ, ಹಳೆಯ ತಲೆಮಾರಿನ ಮೊಂಡುತನ, ಎಲ್ಲವನ್ನೂ ಅಜ್ಜಿಯ ಮೂಗುಬೊಟ್ಟು ನೋಡುತ್ತಲೇ ಹೇಳಿ ಮುಗಿಸಿದೆ.

ಅಪ್ಪನ ಸರದಿ. ಮುಖ ಕೆಂಪಾಗಿತ್ತು. "ತಾವು..." ಎಂದು ಶುರುಮಾಡಿ ತಡವರಿಸಿದರು. ಮಾತು ಕಲಿತಾಗಿನಿಂದ ತಾಯಿಗೆ 'ನೀನು' ಎಂದವರು. ಕೋಪದ ಬಹುವಚನ ಅಲ್ಲಿ ಕೂರಲೇ ಇಲ್ಲ. "ಅಮ್ಮಾ," ಎಂದರು. ದನಿಯೇ ಬೇರೆಯಾಗಿತ್ತು. "ಆರು ಗಂಟೆ ಮೇಲೆ ಆ ಬಯಲಲ್ಲಿ ಒಂದು ದೀಪ ಇಲ್ಲ. ಮಗು ಒಬ್ಳೇ ಬರ್ಬೇಕು. ನೀನೇ ಹೇಳು. ನಂಗೆ ಭಯ ಕಣಮ್ಮಾ."

ಭಯ! ಅಪ್ಪನ ಬಾಯಲ್ಲಿ ಆ ಪದ ನಾವು ಕೇಳಿಯೇ ಇರಲಿಲ್ಲ. ನಾನು ಎರಡು ದಿನದಿಂದ ಅವರು ಆಡದ ಮಾತಿಗೆ ಖಂಡನೆ ತಯಾರಿಸಿದ್ದೆ. ಆದರೂ ಖಂಡನೆ ಗಂಟಲಿಗೆ ಬಂತು, ಅಭ್ಯಾಸಬಲ. ಮುಷ್ಟಿ ಬಿಗಿಯಾಯಿತು. ಅಜ್ಜಿಯ ಕಡೆ ತಿರುಗಿ ಮಾತು ಜೋಡಿಸಬೇಕಾದ ಆ ಅರೆಗಳಿಗೆಯಲ್ಲಿ ಮೊದಲ ಬಾರಿಗೆ ನನ್ನ ಮುಷ್ಟಿಯನ್ನು ನಾನೇ ನೋಡಿದೆ.

"ಅಧ್ಯಕ್ಷರೇ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ."

ಯಾವ ವೇದಿಕೆಯಲ್ಲೂ ಹಾಗೆ ಹೇಳಿದವನಲ್ಲ. ಹೇಳಿದ ಮೇಲೆ ಎಂಥ ಹಗುರ, ಎಂಥ ಖುಷಿ!

ಆಗ ಅಕ್ಕ ಬಾಯಿಬಿಟ್ಟಳು. "ಅಜ್ಜಿ, ನಂಗೂ ಭಯಾನೇ. ಆದ್ರೂ ಹೋಗ್ಬೇಕು. ಇನ್ನಿಬ್ರು ಹುಡುಗೀರು ಅದೇ ದಾರೀಲಿ ಬರ್ತಾರಂತೆ, ವಿಚಾರಿಸ್ಕೊಂಡು ಬಂದಿದೀನಿ."

"ಯಾವಾಗ್ಲೇ ವಿಚಾರಿಸಿದ್ದು?" ಅಪ್ಪ ನೇರ ಅವಳನ್ನೇ ಕೇಳಿದರು.

ಟಕ್ ಟಕ್! "ನನ್ನ ಕೇಳೋ!"

ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಅಜ್ಜಿ ತೀರ್ಪು ಕೊಟ್ಟರು: "ದಾರಿ ನೋಡ್ದೇನೇ ಹೆದರ್ಕೊಂಡ್ರೆ ಹೆಂಗೋ? ನಾಳೆ ಸಂಜೆ ಹೋಗಿ ನಡೆದು ನೋಡ್ಕೊಂಡ್ ಬನ್ನಿ."

ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದು, ಒಪ್ಪುತ್ತೇನೆ. ಮುಂದಿನ ವಾರವೇ ಸ್ನಾನದ ನೀರಿನ ವಿಷಯಕ್ಕೆ ನಾನು ಮನೆಯ ಸೂರು ಹಾರಿಹೋಗುವಂತೆ ಕೂಗಿದ್ದೂ ನಿಜ. ಆದರೆ ಮುಖಕ್ಕೆ ಎಸೆಯದೆ ಸುತ್ತುಬಳಸಿ ಕಳಿಸಿದ ಕೋಪ ದಾರಿಯಲ್ಲೇ ವೇಷ ಕಳಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಲ್ಲವೆನ್ನುವವರು ವಾದಕ್ಕೆ ಬರಲಿ.

ಭಾನುವಾರ ಸಂಜೆ ಮೂವರೂ ಬಯಲು ದಾಟಿದೆವು. ಅಪ್ಪ ಮುಂದೆ, ಕೊಡೆಯ ತುದಿಯಿಂದ ಗುಂಡಿಗಳನ್ನೆಲ್ಲ ಕೆದಕುತ್ತ. ಕಾರ್ಖಾನೆಯ ಗೇಟಿನ ಮುಂದೆ ನಿಂತು ಗಡಿಯಾರ ನೋಡಿದರು.

"ಹದಿನೆಂಟು ನಿಮಿಷ."

"ನೀವು ಅಲ್ಲಲ್ಲಿ ನಿಂತ್ಕೊಂಡ್ರಲ್ಲಪ್ಪಾ! ನಮಗೆ ಹನ್ನೆರಡು ಸಾಕು," ಎಂದಳು ಅಕ್ಕ.

ಅಪ್ಪ ಬಂದ ದಾರಿಯ ಕಡೆ ಕೊಡೆ ಚಾಚಿದರು. "ಮೊದಲ ವಾರ ನಾನು ಆ ಹುಣಸೆಮರದ ಹತ್ರ ನಿಂತಿರ್ತೀನಿ. ನೀವು ಮೂವರು ಹುಡುಗೀರೂ ಮಾತಾಡ್ಕೊಂಡು ಬನ್ನಿ, ನಾನು ಹಿಂದೆ ಬರ್ತೀನಿ. ಆದರೆ ನೋಡು, ಆ ಹುಡುಗೀರಿಗೆ ನಾನು ಯಾರು ಅಂತ ಮಾತ್ರ ಹೇಳ್ಬೇಡ."