ಸಿದ್ಧಿಯ ಹೆಸರಿನ ಕಲಶ

ಹೀರಾಳಿಗೆ ಕೂತಲ್ಲಿ ಕೂರಲಾಗದ ಕಾಲ ಅದು. ತೇರದಾಳದ ಸಹಕಾರಿ ಸೊಸೈಟಿಯೊಂದರಲ್ಲಿ ಗುಮಾಸ್ತೆ ಆಕೆ. ಕುರ್ಚಿಯಿಂದ ಏಳುವಳು, ನೀರು ಕುಡಿಯುವಳು, ಕೂತ ಮರುಗಳಿಗೆಗೆ ಮತ್ತೆ ಏಳುವಳು. ಗಂಡ ಸನ್ಮತಿಯಿಂದ ಬೇರೆಯಾಗಿ, ಮಗಳು ಸಿದ್ಧಿಯನ್ನು ಕರೆದುಕೊಂಡು ತವರಿಗೆ ಬಂದಾಗಲೂ ಇಷ್ಟು ತಳಮಳ ಇರಲಿಲ್ಲ. ಈಗ ಶಾಲೆಯವರು ಫೀ ಕಟ್ಟದಿದ್ದರೆ ದೀಪಾವಳಿ ಆದಮೇಲೆ ಹುಡುಗಿಯನ್ನು ಕಳಿಸಬೇಡಿ ಎಂದುಬಿಟ್ಟಿದ್ದರು. ಹೀರಾಳ ಪಗಾರ ಮನೆಖರ್ಚಿಗೇ ಸಾಲದು.

ಮಗಳ ಜೀವನಾಂಶಕ್ಕೆಂದು ಜಮಖಂಡಿ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಳು. ಲೆಕ್ಕದ ರೀತಿಯನ್ನು ವಕೀಲ ಪರಮಾನಂದ ತಿಳಿಸಿ ಹೇಳಿದ್ದ. “ನಿಮ್ಮ ಪಗಾರ, ಅವರ ಗಳಿಕಿ, ಹುಡುಗಿ ಖರ್ಚು, ಮೂರನ್ನೂ ನೋಡ್ತಾರ್ರಿ ಅಕ್ಕಾರ. ಇಬ್ಬರ ಗಳಿಕಿಗೆ ತಕ್ಕಂಗ ಖರ್ಚು ಹಂಚತಾರ. ಅವರ ಗಳಿಕಿ ಕಡಿಮಿ ಆತಂದ್ರ ಹುಡುಗಿಗೆ ಬರೂದೂ ಕಡಿಮಿ.”

ಸನ್ಮತಿ ಪ್ರಮಾಣ ಮಾಡಿ ಬರೆದುಕೊಟ್ಟದ್ದೇನು? ಬನಹಟ್ಟಿಯಲ್ಲಿ ಅಣ್ಣನ ಮಗ್ಗದ ಶೆಡ್ಡಿನಲ್ಲಿ ಕೂಲಿ, ತಿಂಗಳಿಗೆ ಒಂಬತ್ತು ಸಾವಿರವಂತೆ! ಆ ಶೆಡ್ಡು ಯಾರದೆಂದು ಬನಹಟ್ಟಿಯ ಬೀದಿನಾಯಿಗೂ ಗೊತ್ತು. ಆದರೆ ಕಾಗದವೆಲ್ಲ ಅಣ್ಣನ ಹೆಸರಿನಲ್ಲಿ, ನಾಯಿಯ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ.

ಹೀಗಿರುವಾಗ ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಬಂತು. ಬಸದಿಯಲ್ಲಿ ಮೊದಲ ಕಲಶದ ಅಭಿಷೇಕ ಯಾರದೆಂದು ಸವಾಲು ನಡೆಯಿತು. ಸವಾಲು ಕೂಗುವವನು ಹೀರಾಳ ಅಪ್ಪ ಪಾರಿಸಪ್ಪ. ಎಲ್ಲರಿಗಿಂತ ಹೆಚ್ಚು ಕಾಣಿಕೆ ಒಪ್ಪಿಕೊಂಡವರ ಹೆಸರನ್ನು ಮೂರು ಸಲ ಸಾರಿ ಮುಗಿಸುವುದು ಅವನ ಕೆಲಸ. ಮಂದಿ ಏರಿಸುತ್ತಲೇ ಹೋದರು. ಪರ್ವಕ್ಕೆಂದು ಬನಹಟ್ಟಿಯಿಂದ ಬಂದಿದ್ದ ಸನ್ಮತಿ ಹಿಂದಿನಿಂದ ಕೈಯೆತ್ತಿದ.

“ಒಂದು ಲಕ್ಷ. ನನ್ನ ಮಗಳು ಸಿದ್ಧಿ ಹೆಸರಿನ್ಯಾಗ.”

ನಾಲ್ಕು ಮಂದಿಯ ಎದುರು ಸೋಲುವುದು ಆ ಮನೆತನಕ್ಕೆ ಗೊತ್ತೇ ಇಲ್ಲ. ಆ ಗಳಿಗೆಯಲ್ಲಿ ಅವನಿಗೆ ಕೋರ್ಟು ಮರೆತೇಹೋಗಿತ್ತು. ಸಿದ್ಧಿ ಹಾಲು ತುಂಬಿದ ಕಲಶ ಹೊತ್ತು ತಂದು ಪಂಡಿತರ ಕೈಗೆ ಕೊಟ್ಟಳು. “ಅಪ್ಪ ನನ್ನ ಮರತಿಲ್ಲ ನೋಡವ್ವಾ” ಎಂದು ಅವ್ವನ ಕಿವಿಯಲ್ಲಿ ಹೇಳಿದಳು. ಹೀರಾಳಿಗೆ ಮಗಳ ಮುಖ ನೋಡಿ ಖುಷಿ, ಗಂಡನ ಮುಖ ನೋಡಿ ಮೈಯೆಲ್ಲ ಉರಿ.

ಒಂಬತ್ತು ಸಾವಿರದ ಕೂಲಿಯವನು ಲಕ್ಷ ಕೊಟ್ಟನೆಂದು ಹೇಳಲು ಸಾಕ್ಷಿ ಬೇಕೆಂದ ಪರಮಾನಂದ. ಬಸದಿಯ ಮಂದಿಯೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಉಳಿದವನು ಅಪ್ಪ ಒಬ್ಬನೇ.

“ದೇವರ ಮುಂದ ಕೊಟ್ಟಿದ್ದನ್ನ ಕೋರ್ಟಿಗೆ ಒಯ್ಯಬಾರದವ್ವಾ” ಎಂದ ಪಾರಿಸಪ್ಪ. “ಮುಂದ ಸವಾಲಿಗೆ ಯಾರು ಬರ್ತಾರ?”

“ಕೋರ್ಟಿನ್ಯಾಗ ಅಂವ ಆಣಿ ಮಾಡಿದ್ದು ಯಾರ ಮುಂದ, ಅಪ್ಪಾ?”

ಪಾರಿಸಪ್ಪ ಎಂದಿನ ನೇಮದಂತೆ ಹೊತ್ತು ಮುಳುಗುವ ಮೊದಲೇ ಉಂಡು ಎದ್ದುಹೋದ.

ವಿಚಾರಣೆಯ ದಿನ ಹೀರಾ ಕೋರ್ಟಿನ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಸುತ್ತಿದ್ದೇ ಸುತ್ತಿದ್ದು. ಅವಳ ಹೆಸರು ಕರೆಯುವ ಹೊತ್ತಿಗೆ ಬಿಳಿ ಟೊಪ್ಪಿಗೆಯ ಪಾರಿಸಪ್ಪ ಬಸ್ಸಿಳಿದು ಬಂದ. ಮಗಳ ಕಡೆ ನೋಡದೆ ನೇರ ಸಾಕ್ಷಿಕಟ್ಟೆಗೆ ಹೋಗಿ ನಿಂತ.

“ದುಡ್ಡು ಅಣ್ಣನದೇ ಇರಬಹುದಲ್ಲ?” ಎಂದು ಸನ್ಮತಿಯ ವಕೀಲ ಕೇಳಿದ.

“ಒಪ್ಪಿಕೊಂಡಂವ ಸನ್ಮತಿರಿ. ಹಬ್ಬ ಮುಗಿಯೂದರಾಗ ನನ್ನ ಕೈಯಾಗ ಕೊಟ್ಟಂವನೂ ಅಂವನೇ. ಮೂರು ಸಲ ಕೂಗಿದಂವ ನಾನು.” ಆಮೇಲೆ ಮುದುಕ ಅಳಿಯನ ಕಡೆ ತಿರುಗಿದ. ದನಿ ಏರಿಸಲಿಲ್ಲ. “ದೇವರಿಗೆ ಹಾಲು ಕಡಿಮಿ ಬಿದ್ದಿರಲಿಲ್ಲೋ ಸನ್ಮತಿ.”

ನ್ಯಾಯಾಧೀಶರು ಅವನ ಕೂಲಿಯ ಕತೆಯನ್ನು ನಂಬಲಿಲ್ಲ. ಶಾಲೆಯ ಫೀ ಪೂರ್ತಿ, ಉಳಿದ ಖರ್ಚಿನಲ್ಲಿ ಮೂರಕ್ಕೆ ಎರಡು ಪಾಲು ಅವನೇ ಕೊಡಬೇಕೆಂದು ಸದ್ಯಕ್ಕೆ ಆದೇಶ ಮಾಡಿದರು.

ಹೀರಾ ಮನೆಗೆ ಬಂದು ಹೊಸ್ತಿಲ ಒಳಗೆ ದಬಕ್ಕನೆ ಕೂತಳು. ಎಷ್ಟೋ ದಿನದ ಮೇಲೆ ಕಾಲಿಗೆ ಸಮಾಧಾನ ಸಿಕ್ಕಿತ್ತು. ಊರ ಬಾಯಿಂದ ಎಲ್ಲ ಕೇಳಿಕೊಂಡಿದ್ದ ಸಿದ್ಧಿ ಬಂದು ಪಕ್ಕದಲ್ಲಿ ಕೂತಳು.

“ಫೀ ತುಂಬತಾನಂತ ಅಪ್ಪ, ಹೌದಿಲ್ಲೋ?”

“ಹೌದವ್ವಾ.”

“ಮುಂದಿನ ವರ್ಷ ಸವಾಲಿನ್ಯಾಗ ನನ್ನ ಹೆಸರು ಹೇಳತಾನೇನ ಅವ್ವಾ?”

ಹೀರಾಳ ಕಾಲು ಮತ್ತೆ ಕೂರಗೊಡಲಿಲ್ಲ. ಎದ್ದು ಮತ್ತೆ ನೀರು ಕುಡಿಯಲು ಒಳಗೆ ಹೋದಳು.