ಪುತ್ತೂರಿನಿಂದ ಕೇಳುತ್ತಿದ್ದ ಸ್ವರ

ಮೊನ್ನೆ ಸ್ಕ್ಯಾನಿಂಗ್ ಕೋಣೆಯಲ್ಲಿ ಜೆಲ್ ಬಾಟಲಿ ಕೈಜಾರಿ ಬಿದ್ದು ನೆಲವೆಲ್ಲ ಹರಡಿತು. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ಒದ್ದೆ ಪ್ಲಾಸ್ಟಿಕ್ಕಿನ ಹಾಗೆ ಏನೋ ಒಂದು ಮಂದ ವಾಸನೆ. ಒರೆಸುತ್ತಾ ಕೂತಾಗ ಮೇಡಂ ನೆನಪಾದರು…

ನಾನು ಸುಳ್ಯದಲ್ಲಿ ಪಿ.ಜಿ. ಓದುತ್ತಿದ್ದಾಗ ನಮಗೆ ಅಲ್ಟ್ರಾಸೌಂಡ್ ಕಲಿಸಿದವರು ಅವರು. ಆಗಲೇ ನಿವೃತ್ತರಾಗಿ ಪುತ್ತೂರಿನ ಮನೆಯಲ್ಲಿದ್ದರು. ಕೈ ನಡುಗುವ ಕಾಯಿಲೆ ಬಂದ ಮೇಲೆ ಸ್ಕ್ಯಾನ್ ಮಾಡಲು ಮೈಮೇಲೆ ಆಡಿಸುವ ಪ್ರೋಬ್ ಹಿಡಿಯುವುದು ಅವರಿಂದ ಆಗುತ್ತಿರಲಿಲ್ಲ. ತಿರುವುಗಳ ರಸ್ತೆಯಲ್ಲಿ ಕಾರಿನ ಪ್ರಯಾಣವೂ ಕಷ್ಟ. ಹಾಗಾಗಿ ಪಾಠವೆಲ್ಲ ವಿಡಿಯೊ ಕರೆಯಲ್ಲಿ. ನಾವು ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರು ಅಭ್ಯಾಸ ಮಾಡುತ್ತಿದ್ದೆವು. ಒಂದು ಮೊಬೈಲು ಯಂತ್ರದ ಪರದೆಯನ್ನು ತೋರಿಸಿದರೆ ಇನ್ನೊಂದು ನಮ್ಮ ಕೈಯನ್ನು ತೋರಿಸುತ್ತಿತ್ತು. ಅವರು ಹೆಚ್ಚಾಗಿ ನೋಡುತ್ತಿದ್ದುದು ಕೈಯನ್ನೇ.

"ಅಷ್ಟು ಒತ್ತಬೇಡ ಮಾರಾಯ್ತಿ. ಅದು ಹೊಟ್ಟೆ, ಚಪಾತಿ ಹಿಟ್ಟಲ್ಲ."

ಪ್ರೋಬ್ ಹೇಗೆ ವಾಲಿಸಬೇಕೆಂದು ಬಾಳೆದಿಂಡಿನ ತುಂಡೊಂದನ್ನು ಹಿಡಿದು ತೋರಿಸುತ್ತಿದ್ದರು. ತುಂಡು ನಡುಗುತ್ತಿತ್ತು. ಅವರು ಅದನ್ನು ಅಡಗಿಸಲು ಹೋಗಲಿಲ್ಲ. "ನನ್ನ ಕೈ ನೋಡುದು ಬೇಡ, ಹೇಳಿದ್ದು ಕೇಳಿ" ಎನ್ನುತ್ತಿದ್ದರು. ಕೆಲವೊಮ್ಮೆ ಪರದೆಯ ಕಡೆಗಿದ್ದ ಮೊಬೈಲನ್ನು ಮಗುಚಿ ಇಡಿಸಿ, ಕಂಡದ್ದನ್ನು ನಮ್ಮಿಂದ ಬಾಯಿಬಿಟ್ಟು ಹೇಳಿಸುತ್ತಿದ್ದರು. ಮೊದಲು ಜಾಗ, ಮತ್ತೆ ಆಕಾರ, ಗಾತ್ರ. ಕಾಯಿಲೆಯ ಹೆಸರು ಕೊನೆಗೆ. ಆತುರಪಟ್ಟು ಹೆಸರು ಹೇಳಿದರೆ "ನಾನು ಅದನ್ನು ಕೇಳ್ಲಿಲ್ಲ" ಎಂದು ಮೊದಲಿನಿಂದ ಶುರುಮಾಡಿಸುತ್ತಿದ್ದರು. ನಮಗೆ ಅದು ಆಗ ಬರೀ ಶಿಸ್ತು ಅನ್ನಿಸುತ್ತಿತ್ತು.

ಅದರ ಬೆಲೆ ತಿಳಿದದ್ದು ಕಡಬದಲ್ಲಿ. ತರಬೇತಿಗೆಂದು ಅಲ್ಲಿನ ಆಸ್ಪತ್ರೆಯೊಂದರಲ್ಲಿದ್ದೆ. ಒಂದು ಮಧ್ಯಾಹ್ನ ಪಂಜದ ಕಡೆಯಿಂದ, ರಬ್ಬರ್ ಟ್ಯಾಪಿಂಗ್ ಮಾಡುವ ಹೆಂಗಸೊಬ್ಬರನ್ನು ಗಂಡ ಜೀಪಿನಲ್ಲಿ ಕರೆತಂದರು. ಮಲಗಲೂ ಆಗದಷ್ಟು ಉಬ್ಬಸ.

"ದಮ್ಮಿನ ಮದ್ದು ಕೊಟ್ಟರೂ ಕಮ್ಮಿ ಆಗುದಿಲ್ಲ ಡಾಕ್ಟ್ರೆ" ಎಂದರು ಗಂಡ.

ಎದೆಗೂಡಿನ ಕೆಳಗೆ ಪ್ರೋಬ್ ಇಟ್ಟು ಮೇಡಂಗೆ ಕರೆ ಮಾಡಿದೆ. ಹೊರಗೆ ಜೋರು ಮಳೆ. ಚಿತ್ರ ಅವರಿಗೆ ಹೋಗಲೇ ಇಲ್ಲ, ಸ್ವರ ಮಾತ್ರ ಕೇಳುತ್ತಿತ್ತು.

"ಪರವಾಗಿಲ್ಲ. ಕಾಣುದನ್ನು ಹೇಳು."

ಹೃದಯದ ಪಕ್ಕ ಕಪ್ಪು ಪಟ್ಟಿ ಕಾಣುತ್ತಿದೆ ಎಂದೆ. ಪ್ರೋಬ್ ಇನ್ನೂ ಮಲಗಿಸಿ ಎಡ ಹೆಗಲಿನ ಕಡೆಗೆ ತಿರುಗಿಸಲು ಹೇಳಿದರು. ತಿರುಗಿಸಿದೆ. ಆ ಕಪ್ಪು ಪಟ್ಟಿ ಹೃದಯವನ್ನು ಪೂರ್ತಿ ಸುತ್ತುವರಿದಿತ್ತು. ಹೃದಯದ ಬಲಬದಿಯ ಗೋಡೆ ಒಳಕ್ಕೆ ಕುಸಿಯುತ್ತಿತ್ತು. ಅದನ್ನೂ ಹೇಳಿದೆ.

"ಈಗ ಹೆಸರು ಹೇಳು."

"ಹೃದಯದ ಸುತ್ತ ನೀರು ಮೇಡಂ. ಹೃದಯವನ್ನು ಅಮುಕುತ್ತಾ ಉಂಟು."

"ಹಾಗಾದ್ರೆ ನನ್ನತ್ರ ಮಾತಾಡಿದ್ದು ಸಾಕು. ಬೇಗ ಪುತ್ತೂರಿಗೆ ಕಳಿಸು, ಇಲ್ಲಿ ನಾನು ಹೇಳಿ ಇಡ್ತೇನೆ."

ಪುತ್ತೂರಿನಲ್ಲಿ ನೀರು ತೆಗೆದರು. ಆ ಹೆಂಗಸು ಬದುಕಿಕೊಂಡರು.

ಮಳೆಗಾಲ ಕಳೆದ ಮೇಲೆ ಮೇಡಂ ಒಮ್ಮೆ ಸುಳ್ಯಕ್ಕೆ ಬಂದರು. ನಾವು ಎದುರೆದುರು ಸಿಕ್ಕಿದ್ದು ಅದೊಂದೇ ಸಲ. ಊಟ ಸೇರುತ್ತಿರಲಿಲ್ಲವಂತೆ, ಸೀರೆಯೊಳಗೆ ಕರಗಿ ಹೋದಂತಿದ್ದರು. ಪುತ್ತೂರಿನಲ್ಲಿ ಸ್ಕ್ಯಾನ್ ಮಾಡಿ ನೋಡುವವರು ಎಷ್ಟೋ ಮಂದಿ ಇದ್ದರೂ "ನೀನೇ ನೋಡು" ಎಂದು ಮಂಚದ ಮೇಲೆ ಮಲಗಿದರು. ಪರದೆ ನನ್ನ ಕಡೆಗಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಪಿತ್ತಕೋಶ ದಾಟಿ ಯಕೃತ್ತಿಗೆ ಬಂದಾಗ ನನ್ನ ಕೈ ನಿಂತುಹೋಯಿತು.

"ಎಂತ ಕಾಣ್ತದೆ?"

ನಾನು ಇನ್ನಷ್ಟು ಜೆಲ್ ಹಾಕಿ ಅದೇ ಜಾಗವನ್ನು ಮತ್ತೊಮ್ಮೆ ನೋಡಿದೆ.

"ಮೊದಲು ಜಾಗ ಹೇಳು" ಎಂದರು, ಪಾಠದಲ್ಲಿ ಹೇಳುವಷ್ಟೇ ಸಲೀಸಾಗಿ.

ಹೇಳಿದೆ. ಗಂಟು ಒಂದೇ ಉಂಟಾ ಎಂದು ಕೇಳಿದರು. ಅಲ್ಲ ಎಂದೆ. ಗಾತ್ರ, ಅಂಚು, ಸುತ್ತಲಿನ ರಕ್ತನಾಳ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಹೆಸರನ್ನು ಮಾತ್ರ ಕೇಳಲಿಲ್ಲ. ಆಮೇಲೆ ನಡುಗುವ ಕೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟು, "ಸರಿಯಾಗಿ ನೋಡಿದ್ದಿ. ಕೈ ಹಗುರ ಆಗಿದೆ" ಎಂದರು. ನಾನು ಅಳುತ್ತಿದ್ದೆ. ಅವರು ನನಗಿಂತ ಮೊದಲೇ ಎದ್ದು ಸೆರಗು ಸರಿಮಾಡಿಕೊಂಡರು.

ಮುಂದಿನ ಮಳೆಗೆ ಅವರಿರಲಿಲ್ಲ…

ಈಗ ವಿಡಿಯೊ ಪಾಠ ನಾನೇ ಮಾಡುತ್ತೇನೆ. ಕಡಬದಿಂದ, ಗುತ್ತಿಗಾರಿನಿಂದ ಹೊಸ ವೈದ್ಯರು ಕರೆ ಮಾಡುತ್ತಾರೆ, ತಪ್ಪಿದಲ್ಲಿ ತಿದ್ದುತ್ತೇನೆ. ನನಗೇ ತಿಳಿಯದ ಚಿತ್ರಗಳೂ ಬರುತ್ತವೆ. ಆಗ ಹಿರಿಯರನ್ನು ಕೇಳಿದರೆ ಅವರು ತಡಮಾಡದೆ ಉತ್ತರ ಹೇಳಿಬಿಡುತ್ತಾರೆ, ಅದು ಸರಿಯಾಗಿಯೂ ಇರುತ್ತದೆ. ಆದರೆ ತಾವು ಸುಮ್ಮನಿದ್ದು, ನನ್ನ ಬಾಯಿಂದಲೇ ಉತ್ತರ ಬರುವ ತನಕ ಕಾಯುವವರು ಈಗ ಯಾರೂ ಇಲ್ಲ.